ಸೇವಾ ಪುಸ್ತಕದ ಪಾಠಾಂತರ

ಕನ್ನಡದಲ್ಲಿ ‘ಸಂಪಾದನೆ’ ಎಂಬ ಮಾತಿಗೆ ಎರಡು ಅರ್ಥಗಳಿವೆ. ದುಡಿದು ಗಳಿಸುವುದು ಒಂದು. ಓಲೆಗರಿಗಳನ್ನು ಒಂದಕ್ಕೊಂದು ಹೋಲಿಸಿ ಗ್ರಂಥವನ್ನು ಶುದ್ಧಪಡಿಸುವುದು ಇನ್ನೊಂದು. ಮಠದ ಪಾಠಶಾಲೆಯಲ್ಲಿ ಬೆಳೆದ ನಮಗೆ ಎರಡನೆಯ ಅರ್ಥವೇ ಹೆಚ್ಚು ಪರಿಚಿತವಾದದ್ದು. ಈ ಎರಡೂ ಅರ್ಥಗಳು ಒಂದೆಡೆ ಕೂಡಿ ಬರುವುದನ್ನು ನಾವು ಕಂಡದ್ದು ಕಳೆದ ಶ್ರಾವಣ ಮಾಸದಲ್ಲಿ, ಬಳ್ಳಾರಿಯ ಕಂಟೋನ್ಮೆಂಟಿನ ಒಂದು ಮನೆಯಲ್ಲಿ.

ಕಂಟೋನ್ಮೆಂಟ್ ಎಂದರೆ ಬ್ರಿಟಿಷರ ಕಾಲದ ದಂಡಿನ ಪ್ರದೇಶ. ರೈಲು ನಿಲ್ದಾಣದ ಹೆಸರಿನಲ್ಲಿಯೂ ಜನರ ಬಾಯಿಯಲ್ಲಿಯೂ ಆ ಹಳೆಯ ಹೆಸರು ಇಂದಿಗೂ ಉಳಿದಿದೆ. ಪ್ರವಚನಕ್ಕೆಂದು ಹೋಗಿದ್ದ ನಮ್ಮನ್ನು ಅಲ್ಲಿಯ ತಾಯಿಯೊಬ್ಬರು ಪ್ರಸಾದಕ್ಕೆ ಕರೆದಿದ್ದರು. ಅವರ ತವರು ಸಿರುಗುಪ್ಪದ ಕಡೆಯ ಹಳ್ಳಿ, ಗಂಡನ ಮನೆ ಕುರುಗೋಡು. ಯಜಮಾನರು ನೌಕರಿಯಲ್ಲಿರುವಾಗಲೇ ಲಿಂಗೈಕ್ಯರಾಗಿ ನಾಲ್ಕು ವರ್ಷಗಳಾಗಿವೆ. ಮಗ ಗಣಕಯಂತ್ರದ ವಿದ್ಯೆ ಕಲಿತು ಊರ ಹೊರಗಿನ ಒಂದು ಖಾಸಗಿ ಕಾರ್ಖಾನೆಯಲ್ಲಿ ಕೆಲಸಕ್ಕಿದ್ದಾನೆ. ಮಾತಿನ ನಡುವೆ ಆ ತಾಯಿ ತಮ್ಮ ಪಿಂಚಣಿಯ ಕಥೆಯನ್ನು ಹೇಳಿದರು.

ನಮ್ಮ ಮನೆತನಗಳಲ್ಲಿ ಮದುವೆಯ ದಿನ ಸೊಸೆಗೆ ಹೊಸ ಹೆಸರಿಡುವ ಪದ್ಧತಿ ಇರುವುದನ್ನು ಓದುಗ ಬಂಧುಗಳು ಬಲ್ಲರು. ತವರಿನಲ್ಲಿ ಒಂದು ಹೆಸರು, ಗಂಡನ ಮನೆಯಲ್ಲಿ ಇನ್ನೊಂದು. ಮದುವೆಯಾದ ತಿಂಗಳಲ್ಲಿಯೇ ಯಜಮಾನರು ತಮ್ಮ ಕಛೇರಿಯ ನಮೂನೆಯಲ್ಲಿ ಪತ್ನಿಯ ಹೆಸರನ್ನು ಆಕೆಯ ಶಾಲೆಯ ಪ್ರಮಾಣಪತ್ರದಲ್ಲಿ ಇದ್ದಂತೆ ಬರೆದುಕೊಟ್ಟರು. ಆಮೇಲೆ ಬಂದ ಪಡಿತರ ಚೀಟಿ, ಮತದಾರರ ಚೀಟಿ, ಬ್ಯಾಂಕಿನ ಪುಸ್ತಕ, ಆಧಾರ್ ಎಲ್ಲವೂ ಗಂಡನ ಮನೆಯ ಹೆಸರಿನಲ್ಲಿ ಆದವು. ಮೂವತ್ತು ವರ್ಷ ಯಾರೂ ಸೇವಾ ಪುಸ್ತಕವನ್ನು ತೆರೆದು ನೋಡಲಿಲ್ಲ. ಯಜಮಾನರು ತೀರಿದ ಮೇಲೆ ಕಛೇರಿಯವರು ಕೇಳಿದರು: “ಪುಸ್ತಕದಲ್ಲಿರುವ ಹೆಂಡತಿ ಯಾರು? ನೀವು ಯಾರು?” ಆ ಒಂದು ಪ್ರಶ್ನೆಗೆ ಉತ್ತರ ಹೇಳಲು ಹನ್ನೊಂದು ತಿಂಗಳು ಹಿಡಿಯಿತು. ತವರಿನ ಶಾಲೆಯಿಂದ ದಾಖಲೆ, ನೋಟರಿಯ ಮುಂದೆ ಪ್ರಮಾಣಪತ್ರ, ತಹಶೀಲ್ದಾರರ ಕಛೇರಿಗೆ ಅಲೆದಾಟ. ಆ ಕಛೇರಿಯ ಹೆಸರು ಇಲ್ಲಿ ಬೇಡ. ತಪ್ಪು ಯಾರೊಬ್ಬರದೂ ಅಲ್ಲ.

“ಗುರುಗಳೆ, ನನ್ನ ಗಂಡನ ಹೆಂಡತಿ ನಾನೇ ಅಂತ ನಾನು ಸಾಕ್ಷಿ ಕೊಡಬೇಕಾಯ್ತು ನೋಡ್ರಿ” ಎಂದರು ಆ ತಾಯಿ. ನಗುತ್ತಲೇ ಹೇಳಿದರು. ಕೇಳಿದ ನಮಗೆ ನಗಲಾಗಲಿಲ್ಲ.

ಒಳಜಾಲದ ಒಂದು ಪುಟ

ಈ ಅಲೆದಾಟವನ್ನೆಲ್ಲ ಕಣ್ಣಾರೆ ಕಂಡ ಮಗನಿಗೆ, ಕಾಕತಾಳೀಯವೆಂಬಂತೆ, ತನ್ನ ಕಾರ್ಖಾನೆಯಲ್ಲಿ ಇದೇ ಬಗೆಯ ಕೆಲಸವೊಂದು ಬಂದಿತು. ಕಾರ್ಖಾನೆಯ ಇಂಟ್ರಾನೆಟ್‌ನಲ್ಲಿ ನೌಕರರು ತಮ್ಮ ತಮ್ಮ ವಿವರಗಳನ್ನು ತಾವೇ ನೋಡಿ ತಿದ್ದಿಕೊಳ್ಳುವಂತಹ ಪುಟವೊಂದನ್ನು ರಚಿಸಬೇಕೆಂದು ಆಡಳಿತದವರು ಅವನಿಗೆ ಹೇಳಿದರು.

ಇಂಟ್ರಾನೆಟ್ ಎಂದರೇನೆಂದು ನಾವು ಕೇಳಿದಾಗ ಅವನು ಕೊಟ್ಟ ಉತ್ತರ ಸೊಗಸಾಗಿತ್ತು. ಇಂಟರ್ನೆಟ್ ಊರಿನ ಬೀದಿ, ಯಾರು ಬೇಕಾದರೂ ಓಡಾಡಬಹುದು. ಇಂಟ್ರಾನೆಟ್ ಮನೆಯ ಪಡಸಾಲೆ, ಮನೆಯವರಿಗೆ ಮಾತ್ರ ಪ್ರವೇಶ. ಸಂಸ್ಥೆಯ ಸುತ್ತೋಲೆ, ರಜೆಯ ಅರ್ಜಿ, ಸಂಬಳದ ಚೀಟಿ, ನೌಕರರ ಹೆಸರು ವಿಳಾಸಗಳ ಪಟ್ಟಿ ಎಲ್ಲವೂ ಆ ಪಡಸಾಲೆಯಲ್ಲಿ ಇರುತ್ತವೆ. ಇಂತಹ ಪುಟಗಳನ್ನು ಸಿದ್ಧರೂಪದಲ್ಲಿ ಮಾರುವ ಕಂಪನಿಗಳು ಜಗತ್ತಿನಲ್ಲಿ ಹಲವಿವೆ. ಆದರೆ ಅವುಗಳ ನಮೂನೆ ನಮ್ಮ ಜನರ ಹೆಸರಿಗೂ ಸಂಬಂಧಗಳಿಗೂ ಹೊಂದುವುದು ಕಷ್ಟ. ಆದುದರಿಂದಲೇ ತಮಗೆ ತಕ್ಕಂತೆ ಬೇರೆಯಾಗಿ ಮಾಡಿಸಿಕೊಳ್ಳುವ ಅಗತ್ಯ ಬರುತ್ತದೆ.

ಹೆಸರಿನ ವಿಷಯವನ್ನೇ ನೋಡಿರಿ. ಹೊರದೇಶದ ನಮೂನೆಯಲ್ಲಿ ಮೊದಲ ಹೆಸರು, ಕೊನೆಯ ಹೆಸರು ಎಂದು ಎರಡು ಕಾಲಂಗಳು. ಎರಡನ್ನೂ ತುಂಬದೆ ಪುಟ ಮುಂದಕ್ಕೆ ಹೋಗದು. ನಮ್ಮ ಕಡೆ ವೀರೇಶ ಎಂದರೆ ವೀರೇಶನೇ. ಮುಂದೆ ಊರಿನ ಒಂದು ಅಕ್ಷರ, ತಂದೆಯ ಒಂದು ಅಕ್ಷರ ಇದ್ದರೆ ಹೆಚ್ಚು. ಕೊನೆಯ ಹೆಸರನ್ನು ಎಲ್ಲಿಂದ ತರಬೇಕು? ಹೀಗಾಗಿ ಕೆಲವರು ‘ವೀರೇಶ ವೀರೇಶ’ ಆಗಿದ್ದಾರೆ, ಕೆಲವರ ಕೊನೆಯ ಹೆಸರು ಬರಿಯ ಚುಕ್ಕೆ. ಕನ್ನಡದಲ್ಲಿ ಬಸವರಾಜ ಎಂದು ಒಂದೇ ರೀತಿ ಬರೆಯುವ ಹೆಸರು ಇಂಗ್ಲಿಷಿಗೆ ಹೋದಾಗ ಕೊನೆಯ ‘ಅ’ಕಾರ ಒಂದು ಕಾಗದದಲ್ಲಿ ಇರುತ್ತದೆ, ಇನ್ನೊಂದರಲ್ಲಿ ಇರುವುದಿಲ್ಲ, ಮೂರನೆಯದರಲ್ಲಿ ನಡುವಿನ ಅಕ್ಷರವೇ ಬದಲಾಗಿರುತ್ತದೆ. ಮನುಷ್ಯನ ಕಣ್ಣಿಗೆ ಇವರೆಲ್ಲ ಒಬ್ಬರೇ. ಯಂತ್ರದ ಕಣ್ಣಿಗೆ ಮೂವರು. ನಮ್ಮ ತರುಣನು ಹೆಸರಿಗೆ ಒಂದೇ ಉದ್ದನೆಯ ಕಾಲಂ ಇಟ್ಟು, ಅದನ್ನು ಕನ್ನಡದಲ್ಲಿಯೂ ಇಂಗ್ಲಿಷಿನಲ್ಲಿಯೂ ಬರೆಯುವಂತೆ ಮಾಡಿದ. ಅದರ ಕೆಳಗೆ ‘ದಾಖಲೆಗಳಲ್ಲಿರುವ ಇತರ ಹೆಸರುಗಳು’ ಎಂಬ ಇನ್ನೊಂದು ಕಾಲಂ. ಪತ್ನಿಯ ವಿವರದಲ್ಲಿ ‘ತವರಿನ ಹೆಸರು’ ಎಂಬುದಕ್ಕೆ ಪ್ರತ್ಯೇಕ ಸ್ಥಳ. ಆ ಕಾಲಂ ಎಲ್ಲಿಂದ ಬಂದಿತೆಂದು ನಾವು ಕೇಳಬೇಕಾಗಿರಲಿಲ್ಲ.

ಯಾವುದನ್ನು ಯಾರು ತಿದ್ದಬೇಕು?

ಆರಂಭದಲ್ಲಿ ಕಾರ್ಖಾನೆಯಲ್ಲಿ ಎರಡು ಅಭಿಪ್ರಾಯಗಳಿದ್ದವಂತೆ. ನೌಕರನ ವಿವರ ನೌಕರನದೇ, ಎಲ್ಲವನ್ನೂ ಅವನೇ ತಿದ್ದಿಕೊಳ್ಳಲಿ ಎಂಬುದು ಒಂದು. ಸಿಬ್ಬಂದಿ ವಿಭಾಗದ ಒಪ್ಪಿಗೆಯಿಲ್ಲದೆ ಒಂದಕ್ಷರವೂ ಬದಲಾಗಕೂಡದು ಎಂಬುದು ಇನ್ನೊಂದು. ಮೊದಲನೆಯದನ್ನು ನಂಬಿದರೆ ಮೋಸಕ್ಕೆ ದಾರಿ. ಎರಡನೆಯದನ್ನು ನಂಬಿದರೆ ಮನೆ ಬದಲಾಯಿಸಿದವನ ವಿಳಾಸವೂ ಆರು ತಿಂಗಳು ಮೇಜಿನ ಮೇಲೆ ಕೊಳೆಯುತ್ತದೆ. ಆದುದರಿಂದ ವಿವರಗಳನ್ನು ಮೂರು ಬಗೆಯಾಗಿ ವಿಂಗಡಿಸಲಾಯಿತು.

ಒಂದು, ನೌಕರನು ತಾನೇ ತಿದ್ದಬಹುದಾದವು: ಈಗಿನ ವಿಳಾಸ, ದೂರವಾಣಿ, ಆಪತ್ತಿನಲ್ಲಿ ಸಂಪರ್ಕಿಸಬೇಕಾದವರ ಹೆಸರು, ಭಾವಚಿತ್ರ. ಎರಡು, ನೌಕರನು ಕೇಳಬಹುದಾದ, ಆದರೆ ದಾಖಲೆ ನೋಡಿ ಇನ್ನೊಬ್ಬರು ಒಪ್ಪಬೇಕಾದವು: ಹೆಸರು, ವಿವಾಹ, ಮಕ್ಕಳು, ವಿದ್ಯಾರ್ಹತೆ, ನಾಮನಿರ್ದೇಶನ, ಬ್ಯಾಂಕಿನ ಖಾತೆ. ಮೂರು, ನೋಡಲು ಮಾತ್ರ ಇರುವವು: ನೌಕರ ಸಂಖ್ಯೆ, ಸೇವೆಗೆ ಸೇರಿದ ದಿನ, ಸಂಬಳದ ದರ. ಮೂರನೆಯ ಬಗೆಯಲ್ಲಿಯೂ ತಪ್ಪು ಕಂಡರೆ ‘ಇದು ಸರಿಯಿಲ್ಲ’ ಎಂದು ದೂರು ಬರೆಯಲು ಸ್ಥಳವಿರಬೇಕೆಂದು ತರುಣನು ಹಟ ಹಿಡಿದ. ನಮಗೆ ಅದು ಸರಿಯೆನಿಸಿತು. ತಿದ್ದುವ ಹಕ್ಕು ಇಲ್ಲದಿರಬಹುದು. ತಪ್ಪೆಂದು ಹೇಳುವ ಹಕ್ಕು ಎಲ್ಲರಿಗೂ ಇದೆ.

ಇನ್ನೊಂದು ತೊಡಕೂ ಇತ್ತು. ನೌಕರನು ತಾನೇ ತಿದ್ದಿಕೊಳ್ಳುವುದೆಂಬುದು ಹೇಳಲು ಚಂದ. ಗಣಕಯಂತ್ರ ಮುಟ್ಟದ ಕಾವಲುಗಾರನು ತನ್ನ ಗುಪ್ತಪದವನ್ನು ಗುಮಾಸ್ತನ ಕೈಗೆ ಕೊಟ್ಟುಬಿಡುತ್ತಾನೆ. ಅದಕ್ಕಾಗಿ ಯಾವ ಬದಲಾವಣೆ ಆದರೂ ನೌಕರನ ಮೊಬೈಲಿಗೆ ಕನ್ನಡದಲ್ಲಿ ಸಂದೇಶ ಹೋಗುವಂತೆ ಏರ್ಪಾಡಾಯಿತು. ಮೊಬೈಲ್ ಸಂಖ್ಯೆಯೇ ಬದಲಾದರೆ ಹಳೆಯದಕ್ಕೂ ಹೊಸದಕ್ಕೂ ಸಂದೇಶ. ಬ್ಯಾಂಕಿನ ಖಾತೆ ಬದಲಾಗಬೇಕಾದರೆ ಪಾಸ್‌ಪುಸ್ತಕ ಹಿಡಿದು ನೌಕರನೇ ಬರಬೇಕು.

ಅಳಿಸಿಹೋದ ಹೆಸರು

ಇಷ್ಟೆಲ್ಲ ಎಚ್ಚರಿಕೆ ವಹಿಸಿದ ಮೇಲೂ ಮೊದಲ ತಿಂಗಳಲ್ಲಿಯೇ ಒಂದು ತಪ್ಪು ನಡೆಯಿತು. ಕುರುಗೋಡಿನ ಕಡೆಯ ಒಬ್ಬ ಕಾರ್ಮಿಕನು ಆಧಾರ್‌ನಲ್ಲಿ ಇದ್ದಂತೆ ತನ್ನ ಹೆಸರನ್ನು ತಿದ್ದಿಸಿಕೊಂಡ. ದಾಖಲೆ ಸರಿಯಾಗಿತ್ತು, ಮೇಲಿನವರು ಒಪ್ಪಿದರು. ಆ ತಿಂಗಳ ಸಂಬಳ ಬ್ಯಾಂಕಿನಿಂದ ಮರಳಿ ಬಂತು. ಬ್ಯಾಂಕಿನಲ್ಲಿ ಇದ್ದದ್ದು ಹಳೆಯ ಹೆಸರು. ಏಕೆ ಮರಳಿತೆಂದು ಹುಡುಕಿದರೆ ಹಳೆಯ ಹೆಸರು ಪುಟದಲ್ಲಿ ಎಲ್ಲಿಯೂ ಇಲ್ಲ. ಹೊಸದನ್ನು ಬರೆದಾಗ ಹಳೆಯದು ಅಳಿಸಿಹೋಗಿತ್ತು. “ತಿದ್ದೋದು ಹೇಗೆ ಅಂತ ನೂರು ಸಲ ಯೋಚನೆ ಮಾಡಿದ್ದೆ ಗುರುಗಳೆ, ಹಳೇದು ಎಲ್ಲಿಗೆ ಹೋಗ್ತದ ಅಂತ ಯೋಚನೆ ಮಾಡಿರಲಿಲ್ಲ” ಎಂದ ಆ ತರುಣ.

ಆಗ ನಮಗೆ ನಮ್ಮ ಗುರುಗಳು ನೆನಪಾದರು. ಓಲೆಗರಿ ಗ್ರಂಥವನ್ನು ಸಂಪಾದಿಸುವಾಗ ಒಂದು ಪ್ರತಿಯಲ್ಲಿ ಒಂದು ಪದ, ಇನ್ನೊಂದು ಪ್ರತಿಯಲ್ಲಿ ಬೇರೊಂದು ಪದ ಸಿಗುವುದುಂಟು. ಸಂಪಾದಕನು ತನಗೆ ಶುದ್ಧವೆಂದು ತೋರಿದ್ದನ್ನು ಮೇಲೆ ಇಟ್ಟು, ಉಳಿದದ್ದನ್ನು ಪುಟದ ಅಡಿಯಲ್ಲಿ ಪಾಠಾಂತರವೆಂದು ಕೊಡುತ್ತಾನೆ; ಅದು ಯಾವ ಪ್ರತಿಯಲ್ಲಿ ಇದೆಯೆಂಬುದನ್ನೂ ಹೇಳುತ್ತಾನೆ. ತನ್ನ ತೀರ್ಮಾನ ತಪ್ಪಾದರೆ ಮುಂದೆ ಬರುವವನು ಸರಿಪಡಿಸಲು ದಾರಿ ಇರಲೆಂಬುದೇ ಅದರ ಉದ್ದೇಶ. ಮಠದ ದಾಸೋಹದ ಲೆಕ್ಕದ ಪುಸ್ತಕದಲ್ಲಿಯೂ ಇದೇ ನಿಯಮ. ತಪ್ಪಿದ ಅಂಕಿಯನ್ನು ಕೆರೆದು ಅಳಿಸಿದರೆ ಲೆಕ್ಕ ಬರೆಯುವ ಹಿರಿಯರು ಸಿಡಿಮಿಡಿಗೊಳ್ಳುತ್ತಿದ್ದರು. ಓದಲು ಬರುವಂತೆ ಒಂದೇ ಗೆರೆ ಎಳೆದು, ಮೇಲೆ ಸರಿಯಾದದ್ದನ್ನು ಬರೆದು, ಪಕ್ಕದಲ್ಲಿ ರುಜು ಹಾಕಬೇಕು.

ಇದನ್ನು ಹೇಳಿದಾಗ ತರುಣನು ತಾನು ಆಮೇಲೆ ಮಾಡಿದ್ದೂ ಅದನ್ನೇ ಎಂದು ತನ್ನ ಪುಟವನ್ನು ತೋರಿಸಿದ. ಪ್ರತಿಯೊಂದು ವಿವರದ ಕೆಳಗೆ ಒಂದು ಸಣ್ಣ ಪಟ್ಟಿ: ಹಿಂದೆ ಏನಿತ್ತು, ಈಗ ಏನಾಯಿತು, ಯಾರು ಕೇಳಿದರು, ಯಾವ ದಾಖಲೆ ನೋಡಿ ಯಾರು ಒಪ್ಪಿದರು, ಯಾವ ದಿನದಿಂದ ಅನ್ವಯ. ಅದು ಎಲ್ಲರ ಕಣ್ಣಿಗೂ ಬೀಳುವುದಿಲ್ಲ. ನೌಕರನಿಗೂ ಒಬ್ಬ ಅಧಿಕಾರಿಗೂ ಮಾತ್ರ ಕಾಣುತ್ತದೆ. ಅದೂ ಯೋಗ್ಯವೇ. 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆಯು ತನ್ನ ವಿವರವನ್ನು ತಿದ್ದಿಸುವ, ಪೂರ್ಣಗೊಳಿಸುವ, ಅಗತ್ಯವಿಲ್ಲದಾಗ ಅಳಿಸುವಂತೆ ಕೇಳುವ ಹಕ್ಕುಗಳನ್ನು ಹೇಳುತ್ತದೆ. ಒಬ್ಬರ ಬಾಳಿನ ಹಳೆಯ ಸಂಗತಿಗಳು ಪಕ್ಕದ ಮೇಜಿನವರ ಮಾತಿನ ವಸ್ತುವಾಗಬಾರದು.

ಜೂನ್ ಒಂದರ ಮಕ್ಕಳು

ತಿದ್ದಲಾಗದ ವಿವರವೂ ಒಂದುಂಟು. ಅದರ ವಿಷಯದಲ್ಲಿ ನಮ್ಮ ಸ್ವಂತ ಅನುಭವವೇ ಇದೆ. ನಾವು ಹುಟ್ಟಿದ್ದು ಕಾರ್ತಿಕ ಮಾಸದಲ್ಲಿ ಎಂದು ನಮ್ಮ ತಾಯಿಯವರು ಹೇಳುತ್ತಿದ್ದರು. ಶಾಲೆಯ ದಾಖಲೆಯಲ್ಲಿ ಇರುವುದು ಜೂನ್ 1. ಶಾಲೆಗೆ ಸೇರಿಸಲು ಬಂದ ಹಿರಿಯರಿಗೆ ತಾರೀಖು ಗೊತ್ತಿರಲಿಲ್ಲ. ಮಾಸ್ತರರು ಶಾಲೆ ತೆರೆಯುವ ತಿಂಗಳ ಮೊದಲ ದಿನವನ್ನು ಬರೆದುಕೊಂಡರು. ನಮ್ಮ ತಲೆಮಾರಿನ ಅದೆಷ್ಟೋ ಜನ ಹೀಗೆ ಜೂನ್ ಒಂದರ ಮಕ್ಕಳು. ತಿಂಗಳ ಮೊದಲ ದಿನ ಹುಟ್ಟಿದವರು ಹಿಂದಿನ ತಿಂಗಳ ಕೊನೆಯ ದಿನವೇ ನಿವೃತ್ತರಾಗಬೇಕೆಂಬುದು ನಿಯಮ. ಆದುದರಿಂದ ಪ್ರತಿವರ್ಷ ಮೇ 31ರಂದು ಸರ್ಕಾರಿ ಕಛೇರಿಗಳಲ್ಲಿಯೂ ಶಾಲೆಗಳಲ್ಲಿಯೂ ಬೀಳ್ಕೊಡುಗೆಗಳ ಸಾಲೇ ನಡೆಯುತ್ತದೆ. ನಾವೂ ಹಾಗೆಯೇ ಒಂದು ಮೇ 31ರಂದು ಹಾರ ಹಾಕಿಸಿಕೊಂಡು ಮನೆಗೆ ಬಂದೆವು.

ಇದನ್ನು ತಿದ್ದಿಸಬಹುದೆ? ಕರ್ನಾಟಕದಲ್ಲಿ ಇದಕ್ಕಾಗಿ 1974ರ ರಾಜ್ಯ ಸೇವಕರ ವಯಸ್ಸು ನಿರ್ಧರಣ ಕಾಯ್ದೆ ಇದೆ. ಸೇವಾ ಪುಸ್ತಕದಲ್ಲಿ ಜನ್ಮದಿನ ದಾಖಲಾದ ಮೂರು ವರ್ಷಗಳ ಒಳಗೆ ಬದಲಾವಣೆ ಕೇಳಬೇಕು. ಆಮೇಲೆ ಕೇಳಿದರೆ ಅವಕಾಶವಿಲ್ಲ. ನಮ್ಮ ರಾಜ್ಯದ ಗ್ರಾಮೀಣ ಮೂಲಸೌಕರ್ಯ ಅಭಿವೃದ್ಧಿ ನಿಗಮದ ನೌಕರರೊಬ್ಬರು ಸೇವೆಗೆ ಸೇರಿ ಸುಮಾರು 24 ವರ್ಷಗಳ ನಂತರ ಜನ್ಮದಿನದ ಬದಲಾವಣೆ ಕೇಳಿದ ಪ್ರಕರಣ ಸರ್ವೋಚ್ಚ ನ್ಯಾಯಾಲಯದವರೆಗೆ ಹೋಯಿತು. ಬಲವಾದ ಸಾಕ್ಷ್ಯವಿದ್ದರೂ ಇದನ್ನು ಹಕ್ಕೆಂದು ಕೇಳುವಂತಿಲ್ಲ, ವಿಳಂಬವೊಂದೇ ಕಾರಣ ಸಾಕು ಎಂದು ನ್ಯಾಯಾಲಯವು 2021ರ ಸೆಪ್ಟೆಂಬರಿನಲ್ಲಿ ತೀರ್ಪು ಕೊಟ್ಟಿತು. ನೌಕರಿಗೆ ಹೊಸದಾಗಿ ಸೇರಿದ ಮಕ್ಕಳಿರುವ ಮನೆಯವರು ಈ ಮೂರು ವರ್ಷಗಳ ಮಾತನ್ನು ಮರೆಯಬಾರದು.

ಊರು ಅದೇ, ವಿಳಾಸ ಬೇರೆ

ಮನುಷ್ಯನು ಕದಲದಿದ್ದರೂ ವಿವರ ಬದಲಾಗುವುದುಂಟೆಂಬುದಕ್ಕೆ ಬಳ್ಳಾರಿಗಿಂತ ಒಳ್ಳೆಯ ನಿದರ್ಶನ ಬೇಕಿಲ್ಲ. 1951ರಲ್ಲಿ ಸಿರುಗುಪ್ಪದಲ್ಲಿ ಹುಟ್ಟಿದವರು ಮದರಾಸು ರಾಜ್ಯದಲ್ಲಿ ಹುಟ್ಟಿದರು. 1953ರ ಅಕ್ಟೋಬರ್ 1ರಂದು ಬಳ್ಳಾರಿ ಮೈಸೂರಿಗೆ ಸೇರಿತು. 1973ರ ನವೆಂಬರ್ 1ರಂದು ಮೈಸೂರು ಕರ್ನಾಟಕವಾಯಿತು. 2014ರ ನವೆಂಬರ್ 1ರಿಂದ ಇಂಗ್ಲಿಷಿನಲ್ಲಿಯೂ ‘ಬೆಳ್ಳಾರಿ’ ಹೋಗಿ ‘ಬಳ್ಳಾರಿ’ ಬಂತು. 2021ರಲ್ಲಿ ವಿಜಯನಗರ ಜಿಲ್ಲೆ ಬೇರೆಯಾಗಿ, ಹೊಸಪೇಟೆಯವರ ಸ್ವಂತ ಜಿಲ್ಲೆಯ ಕಾಲಂ ರಾತ್ರಿ ಕಳೆದು ಬೆಳಗಾಗುವುದರಲ್ಲಿ ಹಳತಾಯಿತು. ಬಳ್ಳಾರಿ ತಾಲ್ಲೂಕಿನಲ್ಲಿದ್ದ ಕುರುಗೋಡು ಈಗ ತಾನೇ ಒಂದು ತಾಲ್ಲೂಕು.

ಇದೆಲ್ಲ ಬರಿಯ ಇತಿಹಾಸವಲ್ಲ. ಸಂವಿಧಾನದ 371(ಜೆ) ವಿಧಿಯಂತೆ ಕಲ್ಯಾಣ ಕರ್ನಾಟಕದ ‘ಸ್ಥಳೀಯ ವ್ಯಕ್ತಿ’ಗಳಿಗೆ ಸರ್ಕಾರಿ ನೌಕರಿಯಲ್ಲಿಯೂ ಶಿಕ್ಷಣದಲ್ಲಿಯೂ ಮೀಸಲಾತಿ ಇದೆ, ಬಳ್ಳಾರಿಯೂ ಅದರಲ್ಲಿ ಸೇರಿದೆ. ಹೀಗಿರುವಲ್ಲಿ ಊರು ಯಾವುದು, ಅಂದು ಅದು ಯಾವ ಜಿಲ್ಲೆಯಲ್ಲಿತ್ತು ಎಂಬ ಕಾಲಂ ಒಬ್ಬ ತರುಣನ ಅನ್ನದ ಪ್ರಶ್ನೆಯಾಗುತ್ತದೆ. ಹಳೆಯದನ್ನು ಅಳಿಸಿ ಹೊಸದನ್ನು ತುಂಬುವ ಯಂತ್ರಕ್ಕೆ ಈ ಪ್ರಶ್ನೆ ಅರ್ಥವಾಗದು. ಯಾವ ದಿನದಿಂದ ಯಾವ ವಿವರ ಎಂದು ಬರೆದಿಡುವ ಪುಟಕ್ಕೆ ಮಾತ್ರ ಅರ್ಥವಾದೀತು.

ದೊಡ್ಡ ಸಂಸ್ಥೆಗಳ ದಾರಿ

ಸಣ್ಣ ಕಾರ್ಖಾನೆ ಮಾಡಿದ ಈ ಕೆಲಸವನ್ನು ದೊಡ್ಡವರೂ ಮಾಡುತ್ತಿದ್ದಾರೆ. ಕಂಟೋನ್ಮೆಂಟ್ ನಿಲ್ದಾಣ ಸೇರಿರುವ ಭಾರತೀಯ ರೈಲ್ವೆಯು 2020ರ ನವೆಂಬರ್ 26ರಂದು ತನ್ನ ನೌಕರರಿಗಾಗಿ ಗಣಕೀಕೃತ ವ್ಯವಸ್ಥೆಯ ಮೂರು ವಿಭಾಗಗಳನ್ನು ಆರಂಭಿಸಿತು: ವಿವರ ನೋಡಿ ಬದಲಾವಣೆ ಕೋರುವ ಸ್ವಸೇವೆ, ಭವಿಷ್ಯ ನಿಧಿಯ ಮುಂಗಡ, ನಿವೃತ್ತರ ಲೆಕ್ಕದ ಇತ್ಯರ್ಥ. ಕಾಗದದ ಸೇವಾ ಪುಸ್ತಕದ ಬದಲಿಗೆ ಗಣಕಯಂತ್ರದ ಸೇವಾ ದಾಖಲೆಯನ್ನು ಅದಕ್ಕೂ ಮುಂಚೆಯೇ ತಂದಿತ್ತು. ನಮ್ಮ ರಾಜ್ಯ ಸರ್ಕಾರದ ನೌಕರರ ಸಂಬಳದ ಬಿಲ್ಲು ಎಚ್.ಆರ್.ಎಂ.ಎಸ್. ಎಂಬ ವ್ಯವಸ್ಥೆಯಲ್ಲಿ ತಯಾರಾಗುತ್ತದೆ. ಅಲ್ಲಿ ನೌಕರನ ಗುರುತು ಅವನ ಕೆ.ಜಿ.ಐ.ಡಿ. ಸಂಖ್ಯೆ.

ಖಾಸಗಿ ನೌಕರರ ಭವಿಷ್ಯ ನಿಧಿ ಸಂಘಟನೆಯಲ್ಲಿ ಸದಸ್ಯರ ದೂರುಗಳ ಪೈಕಿ ಸುಮಾರು ಶೇಕಡ 27ರಷ್ಟು ಈ ವಿವರಗಳ ತಕರಾರುಗಳೇ ಆಗಿದ್ದವು. 2025ರ ಜನವರಿ 18ರಂದು ಹೊಸ ಏರ್ಪಾಡು ಬಂತು. ಆಧಾರ್‌ನೊಂದಿಗೆ ತಾಳೆಯಾಗಿ 2017ರ ಅಕ್ಟೋಬರ್ 1ರ ನಂತರ ಸದಸ್ಯ ಸಂಖ್ಯೆ ಪಡೆದವರು ಹೆಸರು, ಜನ್ಮದಿನ, ತಂದೆತಾಯಿಯ ಹೆಸರು, ವೈವಾಹಿಕ ವಿವರ ಮುಂತಾದವನ್ನು ಮಾಲಿಕನ ಒಪ್ಪಿಗೆಗೆ ಕಾಯದೆ ತಾವೇ ತಿದ್ದಿಕೊಳ್ಳಬಹುದು.

ಮನೆಯವರು ಮಾಡಬೇಕಾದದ್ದು

ಯಂತ್ರ ಎಷ್ಟೇ ಜಾಣತನದ್ದಾದರೂ ಅದನ್ನು ತೆರೆದು ನೋಡಬೇಕಾದವರು ನಾವೇ. ಮನೆಯಲ್ಲಿ ನೌಕರಿಯಲ್ಲಿರುವವರು ಇದ್ದರೆ ವರ್ಷಕ್ಕೊಮ್ಮೆ, ಯುಗಾದಿಯ ಪಂಚಾಂಗ ನೋಡುವಂತೆ, ಅವರ ಸೇವಾ ವಿವರವನ್ನು ಗಂಡಹೆಂಡಿರು ಜೊತೆಗೆ ಕುಳಿತು ನೋಡಬೇಕು. ಹೆಸರು ಆಧಾರ್, ಬ್ಯಾಂಕ್, ಸೇವಾ ಪುಸ್ತಕ ಮೂರರಲ್ಲಿಯೂ ಒಂದೇ ಇದೆಯೆ ಎಂದು ತಾಳೆ ನೋಡಬೇಕು. ಒಂದೆಡೆ ತಿದ್ದಿಸಿದರೆ ಉಳಿದೆಡೆಗಳಲ್ಲಿಯೂ ಆ ತಿಂಗಳೇ ತಿದ್ದಿಸಬೇಕು. ಸೊಸೆಗೆ ಹೆಸರು ಬದಲಾಯಿಸಿದ್ದರೆ ಎರಡೂ ಹೆಸರುಗಳನ್ನು ಕಾಣಿಸಿದ ಒಂದು ಪ್ರಮಾಣಪತ್ರವನ್ನು ಮದುವೆಯ ವರ್ಷವೇ ಮಾಡಿಸಿ ಕಛೇರಿಗೆ ಕೊಟ್ಟು ಸ್ವೀಕೃತಿ ಪಡೆಯಬೇಕು. ನಾಮನಿರ್ದೇಶನವನ್ನು ಮದುವೆಯಾದೊಡನೆ ಹೊಸದಾಗಿ ಮಾಡಬೇಕು. ಕುಟುಂಬವಿಲ್ಲದಾಗ ಬೇರೆಯವರ ಹೆಸರಿಗೆ ಮಾಡಿದ ಭವಿಷ್ಯ ನಿಧಿಯ ನಾಮನಿರ್ದೇಶನ ಕುಟುಂಬವಾದೊಡನೆ ಅಸಿಂಧುವಾಗುತ್ತದೆಂಬುದು ಅನೇಕರಿಗೆ ತಿಳಿಯದು. ಗುಪ್ತಪದವನ್ನು ಯಾರ ಕೈಗೂ ಕೊಡಬಾರದು. ಬೇರೆಯವರಿಂದ ತುಂಬಿಸಿದರೂ ಪಕ್ಕದಲ್ಲಿ ಕುಳಿತು, ಮುಗಿದ ಮೇಲೆ ಮುದ್ರಿಸಿದ ಒಂದು ಪ್ರತಿಯನ್ನು ಮನೆಗೆ ತಂದು ಇಡಬೇಕು.

ಹೊರಡುವಾಗ ನಾವು ಆ ತಾಯಿಯವರನ್ನು ಕೇಳಿದೆವು: “ತಾಯಿ, ನಿಮ್ಮ ಮಗನ ಕಾರ್ಖಾನೆಯ ಪುಟದಲ್ಲಿ ನಿಮ್ಮ ಹೆಸರು ಹೇಗೆ ಬರೆದಿದ್ದಾನೆ?” ಅವರು ಮಗನ ಕಡೆ ನೋಡಿದರು. ಅವನು ತನ್ನ ಮೊಬೈಲಿನಲ್ಲಿ ಆ ಪುಟದ ಚಿತ್ರವನ್ನು ತೋರಿಸಿದ. ‘ತಾಯಿ’ ಎಂಬ ಕಾಲಂನಲ್ಲಿ ಗಂಡನ ಮನೆಯ ಹೆಸರು. ಅದರ ಕೆಳಗೆ ಸಣ್ಣ ಅಕ್ಷರದಲ್ಲಿ ತವರಿನ ಹೆಸರು. ಮೂವತ್ತು ವರ್ಷಗಳಿಂದ ಯಾರೂ ಕರೆಯದಿದ್ದ ಆ ಹೆಸರನ್ನು ತಾಯಿಯವರು ಕನ್ನಡಕ ಹಾಕಿಕೊಂಡು ಎರಡು ಸಲ ಓದಿದರು. “ಇದೂ ನಾನೇ” ಎಂದರು.